ನೂಕುವ ಮೊದಲು ನಿಲ್ಲಿಸುವ ದಾರಿ

ಈ ಹೊತ್ತು ನಿಮ್ಮೊಂದಿಗೆ ದೋಣಿಯ ಟ್ರೇಲರಿನ ಬಗ್ಗೆ ಮಾತನಾಡುತ್ತೇನೆ. ಅದನ್ನು ನೋಡದವರಿಗಾಗಿ ಮೊದಲು ಅದರ ರೂಪ ಹೇಳಿಬಿಡುತ್ತೇನೆ. ಕಬ್ಬಿಣದ ಒಂದು ಚೌಕಟ್ಟು. ಅದರ ಕೆಳಗೆ ಒಂದು ಅಚ್ಚು, ಅಚ್ಚಿನ ಎರಡು ತುದಿಗೆ ರಬ್ಬರ್ ಟೈರಿನ ಗಾಲಿಗಳು. ಎತ್ತಿನ ಗಾಡಿಗೆ ಇರುವಂತೆಯೇ ಮುಂದಕ್ಕೆ ಚಾಚಿದ ಒಂದು ಮೂಕಿ. ಮೂಕಿಯ ತುದಿಯಲ್ಲಿ ಜೀಪಿಗೆ ಸಿಕ್ಕಿಸುವ ಕೊಂಡಿ. ಚೌಕಟ್ಟಿನ ಮೇಲೆ ಸುಮಾರು 16 ಅಡಿಯ ಫೈಬರ್ ದೋಣಿ, ಅದರ ಹಿಂಬದಿಯಲ್ಲಿ ಎಂಜಿನ್. ಎಲ್ಲ ಸೇರಿದರೆ ಹತ್ತಿರಹತ್ತಿರ ಒಂದು ಟನ್, ಅಂದರೆ 1000 ಕಿಲೋ. ಹಾಯಿದೋಣಿಯ ಕ್ಲಬ್ಬುಗಳಲ್ಲಿ, ಜಲಕ್ರೀಡೆಯ ಕೇಂದ್ರಗಳಲ್ಲಿ, ಪ್ರವಾಹದ ಕಾಲಕ್ಕೆ ಓಡುವ ರಕ್ಷಣಾ ತಂಡಗಳಲ್ಲಿ ಇಂಥ ಟ್ರೇಲರುಗಳಿರುತ್ತವೆ. ರಸ್ತೆಯ ಮೇಲೆ ಇದನ್ನು ಎಳೆಯುವುದು ವಾಹನ. ಆದರೆ ಶೆಡ್ಡಿನಿಂದ ಹೊರಗೆ ತರುವಾಗ, ಕೊಂಡಿಗೆ ಹೊಂದಿಸುವಾಗ, ಇಕ್ಕಟ್ಟಾದ ಅಂಗಳದಲ್ಲಿ ತಿರುಗಿಸುವಾಗ ಕೆಲಸಕ್ಕೆ ಬರುವುದು ಮನುಷ್ಯರ ಕೈ. ಹತ್ತಿಪ್ಪತ್ತು ಅಡಿಯ ಈ ಕೈಕೆಲಸವನ್ನು ಯಾರೂ ಒಂದು ಕೆಲಸವೆಂದೇ ಎಣಿಸುವುದಿಲ್ಲ. ಬನ್ನಿ, ನಾಲ್ಕು ಜನ ಕೈಹಾಕಿ ಎನ್ನುತ್ತಾರೆ, ಆಯಿತು. ನನ್ನ ವಾದ ಒಂದೇ. ಈ ಕೆಲಸದಲ್ಲಿ ಕಷ್ಟವಿರುವುದು ಟ್ರೇಲರನ್ನು ಚಲಿಸುವಂತೆ ಮಾಡುವುದರಲ್ಲಿ ಅಲ್ಲ, ನಿಲ್ಲಿಸುವುದರಲ್ಲಿ. ಆದ್ದರಿಂದ ಸಿದ್ಧತೆಯೂ ನಿಲ್ಲಿಸುವ ಕಡೆಯಿಂದಲೇ ಶುರುವಾಗಬೇಕು.

ಇದಕ್ಕೆ ಮೊದಲ ಆಧಾರ ಗಾಲಿಯ ಗುಣದಲ್ಲೇ ಇದೆ. ಗಟ್ಟಿ ಕಾಂಕ್ರೀಟಿನ ಮೇಲೆ, ಗಾಳಿ ಸರಿಯಾಗಿ ತುಂಬಿದ ಟೈರು ಉರುಳುವಾಗ ಎದುರಾಗುವ ತಡೆ ಬಹಳ ಕಡಿಮೆ. ಹೊತ್ತ ಭಾರದ ನೂರರಲ್ಲಿ ಒಂದರಿಂದ ಒಂದೂವರೆ ಪಾಲು ಮಾತ್ರ. ಹಾಗಾದರೆ ಒಂದು ಟನ್ ಟ್ರೇಲರನ್ನು ಸಮತಟ್ಟು ನೆಲದ ಮೇಲೆ ಉರುಳಿಸುತ್ತಿರಲು 10ರಿಂದ 15 ಕಿಲೋ ಬಲ ಸಾಕು. ತುಂಬಿದ ಒಂದು ಬಿಂದಿಗೆಯನ್ನು ಎತ್ತಿ ಹಿಡಿಯಲು ಬೇಕಾಗುವಷ್ಟು ಬಲ. ಒಬ್ಬ ಆಳು ಒಂಟಿಯಾಗಿ ಇದನ್ನು ನೂಕಬಲ್ಲ. ಹುಲ್ಲುನೆಲಕ್ಕೆ ಬಂದರೆ ಲೆಕ್ಕ ಬದಲಾಗುತ್ತದೆ. ಅಲ್ಲಿ 50ರಿಂದ 100 ಕಿಲೋ ಬೇಕಾಗಬಹುದು. ಒಣ ಸಡಿಲ ಮರಳಿನಲ್ಲಿ 200, 300 ಕಿಲೋ. ಹೀಗಿರುವಾಗ ಜನ ಸಾಮಾನ್ಯವಾಗಿ ಮರಳಿನ ಕೆಲಸಕ್ಕೆ ಹೆದರುತ್ತಾರೆ, ಕಾಂಕ್ರೀಟಿನ ಕೆಲಸವನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ನನ್ನ ದೃಷ್ಟಿಯಲ್ಲಿ ಇದು ತಲೆಕೆಳಗಾದ ಹೆದರಿಕೆ. ಮರಳು ಬೆವರಿಳಿಸುತ್ತದೆ, ನಿಜ. ಆದರೆ ನೀವು ಕೈಬಿಟ್ಟ ಕ್ಷಣವೇ ಟ್ರೇಲರ್ ಅಲ್ಲೇ ನಿಲ್ಲುತ್ತದೆ. ಕಾಂಕ್ರೀಟು ಹಾಗಲ್ಲ. ಅಲ್ಲಿ ತಡೆಯೇ ಇಲ್ಲ, ಆದ್ದರಿಂದ ಹಿಡಿತವೂ ಇಲ್ಲ. ಗಾಲಿ ನಮಗೆ ಶ್ರಮವನ್ನು ಉಳಿಸಿಕೊಟ್ಟಿತು. ಅದೇ ಹೊತ್ತಿಗೆ ನೆಲ ಕೊಡುತ್ತಿದ್ದ ಬ್ರೇಕನ್ನು ಕಿತ್ತುಕೊಂಡಿತು. ಆ ಬ್ರೇಕನ್ನು ಈಗ ನಾವೇ ತಂದಿಟ್ಟುಕೊಳ್ಳಬೇಕು.

ಗಾಲಿಯಿಂದ ತಡೆ ಇಲ್ಲವಾಗುತ್ತದೆ ಎಂಬುದನ್ನು ಕೇಳಿದಿರಿ. ಈಗ ಇಳಿಜಾರಿಗೆ ಬರೋಣ. ಇಳಿಜಾರಿನ ಲೆಕ್ಕ ಸರಳ. ಎಂಟು ಅಡಿ ಮುಂದಕ್ಕೆ ಹೋದಾಗ ನೆಲ ಒಂದು ಅಡಿ ಇಳಿದರೆ, ಭಾರದ ಎಂಟನೇ ಒಂದು ಪಾಲು ಕೆಳಗೆ ಜಗ್ಗುತ್ತದೆ. ದೋಣಿಯನ್ನು ನೀರಿಗಿಳಿಸುವ ರ‍್ಯಾಂಪುಗಳು ಹೆಚ್ಚುಕಡಿಮೆ ಇಷ್ಟೇ ಓರೆಯಾಗಿರುತ್ತವೆ. ಒಂದು ಟನ್ನಿಗೆ 125 ಕಿಲೋ ಜಗ್ಗು. ಗಾಲಿಯ ತಡೆಯನ್ನು ಕಳೆದರೂ 110 ಕಿಲೋ ಉಳಿಯಿತು. ಅಲ್ಲಿ ಕೈತಪ್ಪಿದ ಟ್ರೇಲರ್ ಎರಡೇ ಸೆಕೆಂಡಿನಲ್ಲಿ ಬಿರುನಡಿಗೆಯ ವೇಗವನ್ನು ದಾಟುತ್ತದೆ. ಮೂರನೇ ಸೆಕೆಂಡಿಗೆ ಅದರ ಜೊತೆ ನೀವು ಓಡಬೇಕು. ರ‍್ಯಾಂಪಿನ ಅಪಾಯ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಜನ ಅಲ್ಲಿ ಎಚ್ಚರದಿಂದಲೇ ಇರುತ್ತಾರೆ. ನನಗೆ ಹೆಚ್ಚು ಕಳವಳ ತರುವುದು ಕಾಣದ ಇಳಿಜಾರು. ಮಳೆನೀರು ಹರಿದುಹೋಗಲಿ ಎಂದು ಅಂಗಳಕ್ಕೆ, ಶೆಡ್ಡಿನ ಮುಂದಿನ ನೆಲಕ್ಕೆ ಮೇಸ್ತ್ರಿಗಳು ಸ್ವಲ್ಪ ಓರೆ ಕೊಟ್ಟಿರುತ್ತಾರೆ. ಐವತ್ತು ಅಡಿಗೆ ಒಂದು ಅಡಿ ಎಂದಿಟ್ಟುಕೊಳ್ಳಿ. ಕಣ್ಣಿಗೆ ಅದು ಸಮತಟ್ಟು. ಆದರೆ ಒಂದು ಟನ್ನಿನ ಮೇಲೆ ಆ ಓರೆಯ ಜಗ್ಗು 20 ಕಿಲೋ. ಗಾಲಿಯ ತಡೆ ಎಷ್ಟೆಂದು ಆಗಲೇ ಹೇಳಿದೆ, ಹೆಚ್ಚೆಂದರೆ 15 ಕಿಲೋ. ಜಗ್ಗು ತಡೆಗಿಂತ ಹೆಚ್ಚು. ಅಂದರೆ ಸಮತಟ್ಟಾಗಿ ಕಾಣುವ ಆ ಅಂಗಳದಲ್ಲಿ ಒಮ್ಮೆ ಅಲುಗಾಡಿದ ಟ್ರೇಲರ್ ತಾನಾಗಿಯೇ ಉರುಳುತ್ತಾ ಹೋಗುತ್ತದೆ. ಯಾರೂ ನೂಕಬೇಕಾಗಿಲ್ಲ. ಕೆಲಸಕ್ಕೆ ಮೊದಲು ನೆಲದ ಮೇಲೆ ಒಂದು ಚೊಂಬು ನೀರು ಸುರಿದು ನೋಡುವುದು ಇದಕ್ಕೇ. ನೀರು ಹರಿದ ದಿಕ್ಕು ಗೊತ್ತಾದರೆ ಟ್ರೇಲರ್ ಹೋಗಬಯಸುವ ದಿಕ್ಕೂ ಗೊತ್ತಾದಂತೆ.

ಗಾಲಿಗೆ ತಡೆಯಿಲ್ಲ, ನೆಲಕ್ಕೆ ಗುಟ್ಟಾದ ಓರೆಯಿದೆ. ಇವೆರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಮನುಷ್ಯನ ಮೈಬಲವನ್ನು ಅಳೆಯೋಣ. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆ ಕೈಯಿಂದ ನೂಕುವ ಕೆಲಸಕ್ಕೆ ಒಂದು ಮಾರ್ಗದರ್ಶಿ ಅಳತೆ ಕೊಟ್ಟಿದೆ. ಭಾರವನ್ನು ಹೊರಡಿಸಲು ಅಥವಾ ನಿಲ್ಲಿಸಲು ಗಂಡಸಿಗೆ ಸುಮಾರು 20 ಕಿಲೋ ಬಲ, ಹೆಂಗಸಿಗೆ 15. ಚಲಿಸುತ್ತಿರುವುದನ್ನು ಚಲಿಸುತ್ತಲೇ ಇರಿಸಲು 10 ಮತ್ತು 7. ಇದಕ್ಕಿಂತ ಹೆಚ್ಚು ಬಲ ಹಾಕಲು ಆಗುವುದೇ ಇಲ್ಲ ಎಂದಲ್ಲ. ಹಾಕಿದರೆ ಬೆನ್ನು, ಭುಜ, ಮೊಣಕಾಲುಗಳಿಗೆ ಪೆಟ್ಟಾಗುವ ಸಂಭವ ಹೆಚ್ಚುತ್ತದೆ ಎಂದು ಅರ್ಥ. ಈಗ ನಮ್ಮ ಟ್ರೇಲರ್ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಬರುತ್ತಿದೆ ಎನ್ನೋಣ. ಆರಾಮದ ನಡಿಗೆಯ ವೇಗ ಅದು. ಮುಂದೆ ಗೋಡೆ ಇದೆ, ಅರ್ಧ ಮೀಟರಿನೊಳಗೆ ನಿಲ್ಲಿಸಬೇಕು. ಎಷ್ಟು ಬಲ ಬೇಕು? ಸುಮಾರು 100 ಕಿಲೋ. ಸಮತಟ್ಟು ನೆಲದಲ್ಲಿ ಒಬ್ಬನೇ ನೂಕಿದ ಟ್ರೇಲರನ್ನು ನಿಲ್ಲಿಸಲು ಐದು ಜನ ಬೇಕು ಎಂದಾಯಿತು. ವೇಗವನ್ನು ಅರ್ಧಕ್ಕೆ ಇಳಿಸಿ ನೋಡಿ. ಬೇಕಾದ ಬಲ ಅರ್ಧವಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ಬರೀ 25 ಕಿಲೋ. ನಿಧಾನ ಎಂಬುದು ಇಲ್ಲಿ ಹಿರಿಯರು ಹೇಳುವ ಬುದ್ಧಿಮಾತಷ್ಟೇ ಅಲ್ಲ, ಗಣಿತದ ಉತ್ತರವೂ ಹೌದು. ಗಾಲಿಯ ಕೆಳಗೆ ಸಿಕ್ಕಿಸುವ ಮರದ ತುಂಡಿನ ಮಹತ್ವವೂ ಇಲ್ಲಿಯೇ ತಿಳಿಯುತ್ತದೆ. ಮನುಷ್ಯ 20 ಕಿಲೋ ಬಲದಿಂದ ತಡೆಯುವಲ್ಲಿ, ಅಂಗೈ ಎತ್ತರದ ಒಂದು ಅಡ್ಡತುಂಡು ಗಾಲಿಯನ್ನು ಮೇಲಕ್ಕೆ ಹತ್ತುವಂತೆ ಮಾಡಿ ನಿಲ್ಲಿಸಿಬಿಡುತ್ತದೆ. ಅದಕ್ಕೆ ಬೆನ್ನು ನೋಯುವುದಿಲ್ಲ.

ವೇಗ, ಇಳಿಜಾರು, ಮೈಬಲ ಇಷ್ಟನ್ನೂ ನೋಡಿದೆವು. ಇನ್ನು ಮೂಕಿಯ ಭಾರ. ಗಾಡಿ ಹೊಡೆದವರಿಗೆ ಮುಂಭಾರ, ಹಿಂಭಾರ ಎಂದರೆ ಏನೆಂದು ಹೇಳಬೇಕಾಗಿಲ್ಲ. ದೋಣಿಯ ಟ್ರೇಲರನ್ನು ಬೇಕೆಂದೇ ಸ್ವಲ್ಪ ಮುಂಭಾರವಾಗಿ ಇಡುತ್ತಾರೆ. ರಸ್ತೆಯಲ್ಲಿ ಅದು ಹಾವಿನಂತೆ ಹೊಯ್ದಾಡಬಾರದು ಎಂದು ಈ ಏರ್ಪಾಡು. ಒಟ್ಟು ಭಾರದ ನೂರಕ್ಕೆ ಐದರಿಂದ ಹತ್ತು ಪಾಲು ಮೂಕಿಯ ತುದಿಯಲ್ಲಿ ಕೂರುತ್ತದೆ. ಒಂದು ಟನ್ನಿಗೆ 50ರಿಂದ 100 ಕಿಲೋ. ಅಮೆರಿಕದಲ್ಲಿ ಕೆಲಸಗಾರರ ಆರೋಗ್ಯವನ್ನು ಅಧ್ಯಯನ ಮಾಡುವ ನಯೋಶ್ ಎಂಬ ಸರಕಾರಿ ಸಂಸ್ಥೆಯ ಪ್ರಕಾರ, ಎಲ್ಲ ಅನುಕೂಲಗಳೂ ಇದ್ದಾಗ ಒಬ್ಬರು ಎತ್ತಬಹುದಾದ ಭಾರದ ಮಿತಿ 23 ಕಿಲೋ. ಮೂಕಿಯನ್ನು ಒಬ್ಬನೇ ಎತ್ತಿ ಹಿಡಿದು ನಡೆಯುವವನು ಅದರ ಎರಡರಿಂದ ನಾಲ್ಕು ಪಟ್ಟು ಹೊತ್ತಿರುತ್ತಾನೆ. ಜೊತೆಗೆ ಎಳೆಯುತ್ತಲೂ ಇರುತ್ತಾನೆ, ತಿರುಗಿಸುತ್ತಲೂ ಇರುತ್ತಾನೆ, ಹಿಮ್ಮುಖವಾಗಿ ನಡೆಯುತ್ತಲೂ ಇರುತ್ತಾನೆ. ಅವನಿಗೆ ಟ್ರೇಲರನ್ನು ನಿಲ್ಲಿಸುವ ಶಕ್ತಿ ಎಲ್ಲಿಂದ ಬರಬೇಕು? ಮೂಕಿಯ ಕೆಳಗೆ ಸಿಕ್ಕಿಸುವ ಪುಟ್ಟ ಗಾಲಿ, ಜಾಕಿ ವೀಲ್ ಎನ್ನುತ್ತಾರೆ ಅದನ್ನು, ಎತ್ತುವ ಹೊರೆಯನ್ನು ಪೂರ್ತಿ ತೆಗೆದುಹಾಕುತ್ತದೆ. ಮನುಷ್ಯನ ಕೈಗೆ ದಿಕ್ಕು ತೋರಿಸುವ ಕೆಲಸವಷ್ಟೇ ಉಳಿಯುತ್ತದೆ. ಆ ಪುಟ್ಟ ಗಾಲಿ ಮೆತ್ತನೆ ನೆಲದಲ್ಲಿ ಹೂತುಕೊಳ್ಳುತ್ತದೆ ಎಂಬ ದೂರು ನ್ಯಾಯವಾದದ್ದೇ. ಅದರ ಕೆಳಗೆ ಒಂದು ಹಲಗೆ ಹಾಸಿದರೆ ದೂರು ತೀರುತ್ತದೆ.

ಮೂಕಿಯ ಮಾತು ಬಂದಾಗ ದೋಣಿಯೊಳಗಿನ ನೀರಿನ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಇದು ನಮ್ಮ ಕರಾವಳಿಗೆ ವಿಶೇಷವಾಗಿ ಸಲ್ಲುವ ಮಾತು. ಮುಚ್ಚಿಗೆಯಿಲ್ಲದ ದೋಣಿಯೊಂದನ್ನು ಮಳೆಗಾಲದಲ್ಲಿ ಬಯಲಲ್ಲಿ ಬಿಟ್ಟಿದ್ದಾರೆ ಎಂದುಕೊಳ್ಳಿ. ಅದರ ಬಾಯಿ ಐದು ಚದರ ಮೀಟರ್. ಒಂದು ದಿನ ಹತ್ತು ಸೆಂಟಿಮೀಟರ್ ಮಳೆ ಬಿತ್ತು. ಉಡುಪಿ, ಕಾರವಾರದ ಕಡೆ ಜುಲೈ ತಿಂಗಳಲ್ಲಿ ಇದು ಅಚ್ಚರಿಯ ಮಳೆಯಲ್ಲ. ದೋಣಿಯೊಳಗೆ 500 ಲೀಟರ್ ನೀರು ತುಂಬಿತು. ಅರ್ಧ ಟನ್! ಒಂದು ಟನ್ನಿನ ಟ್ರೇಲರ್ ಒಂದೂವರೆ ಟನ್ನಾಯಿತು. ಇಷ್ಟೇ ಆಗಿದ್ದರೆ ಭಾರ ಹೆಚ್ಚಾಯಿತು ಎಂದು ಸುಮ್ಮನಾಗಬಹುದಿತ್ತು. ಆದರೆ ನೀರು ಒಂದೆಡೆ ನಿಲ್ಲುವ ಭಾರವಲ್ಲ. ಮೂಕಿಯನ್ನು ಎತ್ತಿದ ಕೂಡಲೇ ಅದು ಹಿಂದಕ್ಕೆ ಹರಿಯುತ್ತದೆ. ಮುಂಭಾರವಾಗಿದ್ದ ಟ್ರೇಲರ್ ಒಮ್ಮೆಗೇ ಹಿಂಭಾರವಾಗುತ್ತದೆ. ಮೂಕಿ ಕೈಯಿಂದ ಕಿತ್ತುಕೊಂಡು ಮೇಲಕ್ಕೆ ಚಿಮ್ಮುತ್ತದೆ, ಅದರ ಮೇಲೆ ಬಗ್ಗಿದವನ ಗಲ್ಲಕ್ಕೋ ಎದೆಗೋ ಬಡಿಯುತ್ತದೆ. ದೋಣಿಯ ತಳದ ಹಿಂಬದಿಯಲ್ಲಿ ಒಂದು ಬಿರಡೆ ಇರುತ್ತದೆ. ಮೊದಲು ಗಾಲಿಗೆ ಅಡ್ಡತುಂಡು ಕೊಟ್ಟು, ಆ ಬಿರಡೆಯನ್ನು ತೆಗೆದು, ನೀರು ಪೂರ್ತಿ ಬಸಿದುಹೋಗುವ ತನಕ ಕಾಯಬೇಕು.

ಇಲ್ಲಿಯವರೆಗಿನ ಮಾತು ಕೇಳಿ ನಿಮ್ಮಲ್ಲಿ ಕೆಲವರು ಒಂದು ಆಕ್ಷೇಪ ಎತ್ತಬಹುದು. ಇಷ್ಟೆಲ್ಲ ಲೆಕ್ಕ ಯಾಕೆ, ಹತ್ತು ಜನ ಸೇರಿದರೆ ಮುಗಿಯಿತಲ್ಲ ಎಂದು. ಈ ಆಕ್ಷೇಪಕ್ಕೆ ಉತ್ತರ ನಮ್ಮ ಜಾತ್ರೆಗಳಲ್ಲೇ ಇದೆ. ಕೈಯಿಂದ ಎಳೆಯುವ ವಾಹನಗಳಲ್ಲಿ ತೇರಿಗಿಂತ ಭಾರವಾದದ್ದು ನಮ್ಮ ನಾಡಿನಲ್ಲಿ ಬೇರೆ ಯಾವುದಿದೆ? ಮಿಣಿ ಹಿಡಿಯಲು ನೂರಾರು ಜನ ಮುಗಿಬೀಳುತ್ತಾರೆ. ಬಲಕ್ಕೆ ಅಲ್ಲಿ ಏನೂ ಕೊರತೆಯಿಲ್ಲ. ಹಾಗಿದ್ದರೂ ತೇರು ಆ ನೂರಾರು ಜನರ ಹಿಡಿತದಲ್ಲಿ ಇರುವುದಿಲ್ಲ. ಅದು ಇರುವುದು ಗಾಲಿಯ ಪಕ್ಕದಲ್ಲಿ ನಡೆಯುವ ಕೆಲವೇ ಜನರ ಹಿಡಿತದಲ್ಲಿ. ಸನ್ನೆ ಹಾಕುವವರು ಅವರು. ಗಾಲಿಯ ಕೆಳಗೆ ಮರದ ತುಂಡು ಕೊಟ್ಟು ತೇರನ್ನು ತಿರುಗಿಸುವವರೂ ಅವರೇ, ನಿಲ್ಲಿಸುವವರೂ ಅವರೇ. ಎಳೆಯುವ ಉತ್ಸಾಹ ಎಷ್ಟೇ ಇರಲಿ, ಸನ್ನೆಯವರು ಸಿದ್ಧರಾಗದೆ ತೇರು ಹೊರಡುವುದಿಲ್ಲ. ಭಾರವನ್ನು ಕೈಯಿಂದ ಸಾಗಿಸುವ ವಿದ್ಯೆಯ ಸಾರವನ್ನು ನಮ್ಮ ಹಿಂದಿನವರು ಅರಿತಿದ್ದರು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ದೋಣಿಯ ಟ್ರೇಲರಿಗೆ ಹತ್ತು ಜನ ಕೈಹಾಕಿದಾಗ ಇಲ್ಲವಾಗುವುದು ಈ ಏರ್ಪಾಡೇ. ಹತ್ತು ಜನರೂ ನೂಕುತ್ತಾರೆ. ಪ್ರತಿಯೊಬ್ಬನಿಗೂ ಇನ್ನೊಬ್ಬ ನಿಲ್ಲಿಸುತ್ತಾನೆ ಎಂಬ ನಂಬಿಕೆ. ದೋಣಿಯ ಹಿಂದೆ ಇರುವವನಿಗೆ ಮುಂದಿನ ಗೋಡೆ ಕಾಣುವುದಿಲ್ಲ, ಮುಂದಿರುವವನ ಕೂಗು ಹಿಂದಿನವನಿಗೆ ಕೇಳುವುದಿಲ್ಲ. ಜನ ಬೇಡ ಎಂದು ನಾನು ಹೇಳುತ್ತಿಲ್ಲ. ಹತ್ತರಲ್ಲಿ ಇಬ್ಬರು ನೂಕುವುದನ್ನು ಬಿಟ್ಟು ಆಚೆಗೊಬ್ಬ ಈಚೆಗೊಬ್ಬ ಗಾಲಿಯ ಬಳಿ ಅಡ್ಡತುಂಡು ಹಿಡಿದು ನಡೆಯಲಿ. ಇನ್ನೊಬ್ಬ ಬದಿಗೆ ನಿಂತು, ನಿಲ್ಲಿ ಎನ್ನುವ ಒಂದೇ ಮಾತಿಗೆ ಹೊಣೆಯಾಗಲಿ. ಆ ಮಾತು ಬಂದರೆ ಉಳಿದವರು ಕಾರಣ ಕೇಳದೆ ಕೈ ತೆಗೆಯಬೇಕು.

ಎರಡನೆಯ ಆಕ್ಷೇಪ ಕರಾವಳಿಯಿಂದ ಬರಬಹುದು. ನಮ್ಮ ಮೀನುಗಾರರು ತಲೆತಲಾಂತರದಿಂದ ನಾಡದೋಣಿಯನ್ನು ಕೈಯಿಂದಲೇ ದಡಕ್ಕೆ ಎಳೆದಿದ್ದಾರೆ, ಅವರಿಗೆ ಯಾವ ಅಡ್ಡತುಂಡು ಬೇಕಾಯಿತು ಎಂದು. ನಿಜ, ಬೇಕಾಗಲಿಲ್ಲ. ಕಾರಣ ಮೊದಲೇ ಹೇಳಿದ್ದೇನೆ. ಮರಳಿನ ಮೇಲೆ ತಳ ಉಜ್ಜಿಕೊಂಡು ಬರುವ ದೋಣಿಗೆ ಮರಳೇ ಬ್ರೇಕು. ಹಾಡಿನ ಲಯಕ್ಕೆ ಒಂದು ಎಳೆತ, ಒಂದು ಬಿಡುವು. ಬಿಡುವಿನಲ್ಲಿ ದೋಣಿ ನಿಂತೇ ಇರುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಅದೇ ದೋಣಿಯನ್ನು ಟೈರಿನ ಮೇಲೆ ಇಟ್ಟು ಕಾಂಕ್ರೀಟಿಗೆ ತನ್ನಿ. ಹಳೆಯ ಅನುಭವದ ಆ ಒಂದು ಅಂಶ, ಬಿಡುವಿನಲ್ಲಿ ನಿಲ್ಲುತ್ತದೆ ಎಂಬ ನೆಚ್ಚಿಕೆ, ಇಲ್ಲಿ ಕೈಕೊಡುತ್ತದೆ. ಅನುಭವಸ್ಥರೇ ಇಲ್ಲಿ ಹೆಚ್ಚು ಎಚ್ಚರ ವಹಿಸಬೇಕು ಎನ್ನುವುದು ಅದಕ್ಕೇ. ಹಾಗೆಂದು ಹಳೆಯದೆಲ್ಲ ಬಿಡಬೇಕಾಗಿಲ್ಲ. ಕೆಸರಲ್ಲಿ ಹೂತ ಗಾಡಿಗೆ ರೈತರು ಗಾಲಿಯ ನೆತ್ತಿಗೆ ಕೈಕೊಟ್ಟು ಉರುಳಿಸುತ್ತಾರಲ್ಲ, ಅದು ಅಪ್ಪಟ ಯಂತ್ರವಿಜ್ಞಾನ. ಉರುಳುವ ಗಾಲಿಯ ನೆತ್ತಿ ಅಚ್ಚಿಗಿಂತ ಎರಡು ಪಟ್ಟು ದೂರ ಸಾಗುತ್ತದೆ. ಆದ್ದರಿಂದ ಅಲ್ಲಿ ಹಾಕಿದ ಬಲಕ್ಕೆ ಎರಡರಷ್ಟು ಫಲ. ಟ್ರೇಲರಿನಲ್ಲಿ ಗಾಲಿಯ ಮೇಲೆ ತಗಡಿನ ಮಡ್‌ಗಾರ್ಡ್ ಇರುತ್ತದೆ, ಬೆರಳು ಸಿಕ್ಕಿಕೊಳ್ಳುತ್ತದೆ. ಅಷ್ಟನ್ನು ಮಾತ್ರ ನೆನಪಿಡಬೇಕು.

ಜನಬಲಕ್ಕೂ ಹಳೆಯ ರೂಢಿಗೂ ಉತ್ತರ ಹೇಳಿದ್ದಾಯಿತು. ಈಗ ರ‍್ಯಾಂಪಿನ ಆ 110 ಕಿಲೋ ಜಗ್ಗಿಗೆ ಮರಳೋಣ. ಅಡ್ಡತುಂಡು ಟ್ರೇಲರನ್ನು ನಿಲ್ಲಿಸುತ್ತದೆ. ಆದರೆ ನಾವು ಅದನ್ನು ನಿಧಾನವಾಗಿ ಇಳಿಸಲೂ ಬೇಕಲ್ಲ. ಕೆಳಗೆ ನಿಂತು ಎದೆಕೊಟ್ಟು ತಡೆಯುವವರನ್ನು ಕಾಣುತ್ತೇವೆ. ಇದನ್ನು ಎಂದಿಗೂ ಮಾಡಬಾರದು. ಹಸಿ ರ‍್ಯಾಂಪಿನಲ್ಲಿ ಪಾಚಿಯಿರುತ್ತದೆ, ಕಾಲು ಜಾರಿದರೆ ಟ್ರೇಲರ್ ಮೈಮೇಲೆಯೇ ಹೋಗುತ್ತದೆ. ತಡೆ ಮೇಲಿನಿಂದ ಬರಬೇಕು, ಹಗ್ಗದ ಮೂಲಕ ಬರಬೇಕು. ಮೇಲೆ ಭದ್ರವಾಗಿ ನೆಟ್ಟ ಕಬ್ಬಿಣದ ಕಂಬವಿದ್ದರೆ ಹಗ್ಗವನ್ನು ಅದಕ್ಕೆ ಸುತ್ತಿ, ತುದಿಯನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಬಿಡುತ್ತಾ ಬರಬೇಕು. ಬಂದರಿನಲ್ಲಿ ಹಡಗು ಕಟ್ಟುವವರು ನಿತ್ಯ ಮಾಡುವುದು ಇದನ್ನೇ. ಇದರ ಗಣಿತವನ್ನು 18ನೇ ಶತಮಾನದಲ್ಲಿ ಗಣಿತಜ್ಞ ಆಯ್ಲರ್ ಬಿಡಿಸಿಟ್ಟರು. ಪ್ರತಿ ಸುತ್ತಿಗೂ ಹಿಡಿತ ಕೂಡುವುದಿಲ್ಲ, ಗುಣಿಸಿಕೊಳ್ಳುತ್ತದೆ. ಸಾಧಾರಣ ಹಗ್ಗ, ಸಾಧಾರಣ ಕಂಬ ಎಂದಿಟ್ಟುಕೊಂಡರೆ ಒಂದು ಸುತ್ತಿಗೆ ಹಿಡಿತ ಸುಮಾರು ಆರು ಪಟ್ಟು. ಎರಡು ಸುತ್ತಿಗೆ ಸುಮಾರು ನಲವತ್ತು ಪಟ್ಟು. 110 ಕಿಲೋ ಜಗ್ಗನ್ನು ಒಂದು ಸುತ್ತಿನಲ್ಲಿ 20 ಕಿಲೋದೊಳಗೆ ಹಿಡಿಯಬಹುದು. ಎರಡು ಸುತ್ತು ಹಾಕಿದರೆ ಮೂರು ಕಿಲೋ ಸಾಕು, ಮಕ್ಕಳ ಕೈಗೂ ನಿಲುಕುವ ಬಲ. ಒಂದು ಕಂಬ, ಒಂದು ಹಗ್ಗ, ಎರಡು ಸುತ್ತು ಸೇರಿ ಐದಾರು ಗಟ್ಟಿ ಆಳುಗಳ ಕೆಲಸ ಮಾಡುತ್ತವೆ. ಇದರ ಕಟ್ಟುನಿಟ್ಟುಗಳು ಎರಡೇ. ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳಬಾರದು. ಬಿಗಿದ ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು. ನೈಲಾನ್ ಹಗ್ಗ ಬಹಳ ಹಿಗ್ಗುತ್ತದೆ, ತುಂಡಾದರೆ ಚಾಟಿಯಂತೆ ಬೀಸುತ್ತದೆ. ಈ ಕೆಲಸಕ್ಕೆ ಕಡಿಮೆ ಹಿಗ್ಗುವ ಪಾಲಿಯೆಸ್ಟರ್ ಹಗ್ಗವೇ ಮೇಲು.

ಕೊನೆಯ ಆಕ್ಷೇಪ ಇನ್ನೊಂದಿದೆ. ವಾಹನವಿರುವಾಗ ಕೈಯೇಕೆ? ವಾಹನ ಹೋಗುವ ಕಡೆ ವಾಹನವನ್ನೇ ಬಳಸಿ, ನನ್ನದೇನೂ ತಕರಾರಿಲ್ಲ. ಆದರೆ ಕೊಂಡಿ ಸಿಕ್ಕಿಸುವ ಕೊನೆಯ ಮೊಳ ದೂರ ಬಹಳ ಸಲ ಕೈಯದೇ. ಅಲ್ಲಿ ಒಂದು ಕಡೆ ಜೀಪು, ಇನ್ನೊಂದು ಕಡೆ ಟ್ರೇಲರು, ನಡುವೆ ಮನುಷ್ಯ. ಗಾಲಿಗೆ ಅಡ್ಡತುಂಡು ಕೊಡದೆ ಆ ನಡುವೆ ಕಾಲಿಡಬಾರದು. ಟ್ರೇಲರಿನಲ್ಲೇ ಬ್ರೇಕು ಇರುತ್ತದಲ್ಲ ಎಂದೂ ಕೇಳಬಹುದು. ಹಗುರ ಟ್ರೇಲರುಗಳಿಗೆ ಬಹುಪಾಲು ಬ್ರೇಕೇ ಇರುವುದಿಲ್ಲ. ಯುರೋಪಿನಲ್ಲಿ 750 ಕಿಲೋವರೆಗಿನ ಟ್ರೇಲರಿಗೆ ಬ್ರೇಕು ಕಡ್ಡಾಯವೂ ಅಲ್ಲ. ಬ್ರೇಕು ಇದ್ದರೂ, ಪ್ರತಿ ಸಲ ಉಪ್ಪುನೀರಿಗೆ ಇಳಿದು ಬರುವ ಅದು ತುಕ್ಕು ಹಿಡಿದು ಬಿಗಿದುಕೊಂಡಿರುತ್ತದೆ, ಇಲ್ಲವೇ ಹಿಡಿಯುವುದನ್ನೇ ಮರೆತಿರುತ್ತದೆ. ಅದನ್ನು ನಂಬಿ ಜೀವವನ್ನು ಒಡ್ಡುವ ಹಾಗಿಲ್ಲ.

ಕೇಳುಗರೇ, ನಾನು ಹೇಳಿದ ಸಾಮಾನುಗಳಲ್ಲಿ ದುಬಾರಿಯಾದದ್ದು ಒಂದೂ ಇಲ್ಲ. ಬಡಗಿಯ ಬಳಿ ಸಿಗುವ ಎರಡು ಮರದ ತುಂಡು, ಒಂದು ಹಲಗೆ, ಒಂದು ಒಳ್ಳೆಯ ಹಗ್ಗ, ಮೂಕಿಗೊಂದು ಪುಟ್ಟ ಗಾಲಿ. ಭಾರತದ 1948ರ ಕಾರ್ಖಾನೆಗಳ ಕಾಯ್ದೆಯ 34ನೇ ಕಲಮು ಒಂದು ಮಾತನ್ನು ಬರೆದಿಟ್ಟಿತ್ತು. ಗಾಯವಾಗುವ ಸಂಭವವಿರುವಷ್ಟು ಭಾರವನ್ನು ಯಾವ ಕೆಲಸಗಾರನಿಂದಲೂ ಎತ್ತಿಸಬಾರದು, ಹೊರಿಸಬಾರದು, ಸರಿಸಲು ಹಚ್ಚಬಾರದು ಎಂದು. ಅದನ್ನು ಕಾರ್ಖಾನೆಗಾಗಿ ಬರೆದಿದ್ದರು. ದೋಣಿಯ ಅಂಗಳದಲ್ಲಿ ದುಡಿಯುವ ಹುಡುಗರ ಬೆನ್ನೆಲುಬು ಬೇರೆಯದಲ್ಲ. ದೋಣಿ ಕೇಂದ್ರಗಳನ್ನು ನಡೆಸುವವರಲ್ಲಿ, ರಕ್ಷಣಾ ತಂಡಗಳ ಮುಖ್ಯಸ್ಥರಲ್ಲಿ ನನ್ನದೊಂದು ಮನವಿ. ಈ ಮಳೆಗಾಲಕ್ಕೆ ಮೊದಲು ಪ್ರತಿ ಟ್ರೇಲರಿನ ಚೌಕಟ್ಟಿಗೂ ಎರಡು ಅಡ್ಡತುಂಡುಗಳನ್ನು ಹಗ್ಗದಲ್ಲಿ ಕಟ್ಟಿಬಿಡಿ, ಕಳೆದುಹೋಗದ ಹಾಗೆ. ರ‍್ಯಾಂಪಿನ ತಲೆಯಲ್ಲಿ ಒಂದು ಕಂಬ ನೆಡಿಸಿ. ಟ್ರೇಲರ್ ಸರಿಸುವ ಮುನ್ನ ಅಡ್ಡತುಂಡು ಹಿಡಿಯುವವರು ಯಾರು, ನಿಲ್ಲಿ ಎನ್ನುವವರು ಯಾರು ಎಂದು ಹೆಸರು ಹಿಡಿದು ಹೇಳಿ. ಅವರು ತಮ್ಮ ಜಾಗಕ್ಕೆ ಬಂದು ನಿಂತ ಮೇಲೆ ನೂಕಲು ಹೇಳಿ.